ಗಂಟೆ ಮೇಷ್ಟ್ರ ಎರಡು ಬಾಗಿಲು

ನಮ್ಮ ಶಾಲೆಯ ಗಣಿತದ ಮೇಷ್ಟ್ರನ್ನು ಎಲ್ಲರೂ ಗಂಟೆ ಮೇಷ್ಟ್ರು ಎಂದೇ ಕರೆಯುವುದು. ಗಂಟೆ ಹೊಡೆದ ಮೇಲೆ ಅವರ ತರಗತಿಗೆ ನೊಣವೂ ನುಗ್ಗುವಂತಿಲ್ಲ. ಇಪ್ಪತ್ತೊಂಬತ್ತು ವರ್ಷ ಹೀಗೇ ನಡೆದಿದೆ. ತಮ್ಮ ಮದುವೆಗೆ ತಡವಾಗಿ ಬಂದ ಭಾವಮೈದುನನನ್ನೂ ಬಾಗಿಲಲ್ಲೇ ನಿಲ್ಲಿಸಿ ಕಾರಣ ಕೇಳಿದ್ದರಂತೆ. ಆತ ಇವತ್ತಿಗೂ ಅಕ್ಕನ ಮನೆಗೆ ಹತ್ತು ನಿಮಿಷ ಮುಂಚೆ ಬಂದು ಬೀದಿಯಲ್ಲಿ ಅಡ್ಡಾಡುತ್ತಿರುತ್ತಾನೆ.

ಇಂಥವರ ತಲೆಯ ಮೇಲೆ ಆನ್‌ಲೈನ್ ತರಗತಿಯ ತರಬೇತಿ ಬಂದು ಕೂತಿತು. ಮೂರು ದಿನ ಕಲಿಕೆ, ನಾಲ್ಕನೇ ದಿನ ಮಾದರಿ ಪಾಠ. ಶಿಕ್ಷಣ ಇಲಾಖೆಯ ಸಾಹೇಬರು ಅದನ್ನು ನೋಡಿ ಸಹಿ ಹಾಕಿದರೆ ಏಳನೇ ತರಗತಿ ಮೇಷ್ಟ್ರಿಗೆ ಉಳಿಯುತ್ತದೆ. ಇಲ್ಲದಿದ್ದರೆ ಸ್ಟೋರ್ ರೂಮಿನ ಉಸ್ತುವಾರಿ. ಮುರಿದ ಬೆಂಚು, ತೂತುಬಿದ್ದ ಗ್ಲೋಬು, ಸೀಮೆಸುಣ್ಣದ ಡಬ್ಬಿ, ಇವು ಯಾವುವೂ ತಡವಾಗಿ ಬರುವುದಿಲ್ಲ. ಮೇಷ್ಟ್ರಿಗೆ ಅದೇ ದಿಗಿಲು. ಅವರಿಗಿಂತ ಹೆಚ್ಚು ದಿಗಿಲು ಅವರ ಹೆಂಡತಿಗೆ.

"ಅಲ್ಲಿ ಬೈಯೋಕೆ ಯಾರೂ ಸಿಗ್ದೆ ಸಂಜೆ ಬಂದು ನನ್ ಮೇಲೆ ತೀರಿಸ್ಕೋತೀರಿ. ತೆಪ್ಪಗೆ ಕಲ್ತು ಬನ್ನಿ."

ತರಬೇತಿ ಎಂದರೆ ಹದಿನಾಲ್ಕು ಜನ ಶಿಕ್ಷಕರು ನಮ್ಮ ಶಾಲೆಯ ಒಂದೇ ಕೋಣೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಕೂತು, ಪರದೆಯಲ್ಲಿ ಒಬ್ಬರಿಗೊಬ್ಬರು ಕೈಬೀಸುವುದು. ಭಾಷಾ ಶಿಕ್ಷಕನಾದ ನನಗಂತೂ ಮೊದಲ ದಿನವೇ ಎಲ್ಲ ಬಂದುಬಿಟ್ಟಿತ್ತು. ಎರಡನೇ ದಿನ ಅಷ್ಟೂ ಮರೆತುಹೋಯಿತು. ಮೇಷ್ಟ್ರದು ಬೇರೆಯೇ ತೊಡಕು.

"ಸರ್, ಕೂತ್ಕೊಳ್ಳಿ. ಮುಖ ಕಾಣ್ತಿಲ್ಲ," ಎಂದಳು ತರಬೇತಿ ಕೊಡಲು ಬಂದಿದ್ದ ಹುಡುಗಿ.

"ಮೇಷ್ಟ್ರು ಕೂತ್ರೆ ವಿದ್ಯೆ ಮಲಗ್ಬಿಡುತ್ತಮ್ಮ."

ಹಾಗಾಗಿ ಮೂರು ದಿನವೂ ಪರದೆಯಲ್ಲಿ ನಮಗೆ ತ್ರಿಕೋನದ ಬಗ್ಗೆ ಹೇಳಿದ್ದು ಅವರ ಅಂಗಿಯ ಮೂರನೇ ಗುಂಡಿ.

ಮೂರನೇ ದಿನ ಆಕೆ ವೇಟಿಂಗ್ ರೂಮ್ ತೋರಿಸಿದಳು. ಮೇಷ್ಟ್ರು ಪರದೆಯ ಮೇಲಿನ ಗುಂಡಿ ಒತ್ತುವವರೆಗೆ ಯಾರೂ ತರಗತಿಗೆ ಬರುವಂತಿಲ್ಲ, ಹೊರಗೇ ಕಾಯುತ್ತಿರಬೇಕು. ಮೇಷ್ಟ್ರ ಕಣ್ಣು ಅರಳಿತು.

"ಅಂದ್ರೆ ಹೊರಗೆ ನಿಲ್ಸೋದು! ಇದನ್ನ ಮೊದಲೇ ಹೇಳ್ಬಾರ್ದಾ ತಾಯಿ? ಸುಮ್ನೆ ಮೂರು ದಿನ ಹಾಳು ಮಾಡಿದ್ಯಲ್ಲ!"

ನಾಲ್ಕನೇ ದಿನ ಹನ್ನೊಂದಕ್ಕೆ ಮಾದರಿ ಪಾಠ. ನಾವು ಹದಿಮೂರು ಜನ ವಿದ್ಯಾರ್ಥಿಗಳು. ಸಾಹೇಬರು ಮಹಡಿಯ ಕೋಣೆಯಿಂದ ಮೊಬೈಲಿನಲ್ಲಿ ಸೇರಿಕೊಳ್ಳಬೇಕಿತ್ತು. ಗಂಟೆ ಹೊಡೆಯಿತು. ಮೇಷ್ಟ್ರು ಅಭ್ಯಾಸಬಲದಿಂದ ಎದ್ದು ಕೋಣೆಯ ಚಿಲಕವನ್ನೂ ಹಾಕಿ ಬಂದರು. ಎರಡು ನಿಮಿಷದ ಮೇಲೆ ಪರದೆಯಲ್ಲಿ ಸಾಹೇಬರ ಹೆಸರು ಮೂಡಿತು: ಕಾಯುತ್ತಿದ್ದಾರೆ.

"ಸರ್, ಒಳಗೆ ಬಿಡಿ! ಅವ್ರು ಸಾಹೇಬ್ರು!" ಹುಡುಗಿ ಪಿಸುಗುಟ್ಟಿದಳು.

"ಗಂಟೆ ಹೊಡೀತಲ್ಲ?"

"ನಿಮ್ ಏಳನೇ ಕ್ಲಾಸ್ ಹೋಗುತ್ತೆ ಸರ್!"

ಮೇಷ್ಟ್ರ ಕೈ ಗುಂಡಿಯತ್ತ ಹೋಯಿತು. ಅಲ್ಲೇ ನಿಂತಿತು. "ಅವ್ರನ್ನ ಬಿಟ್ರೆ ನಾಳೆ ಮಕ್ಳನ್ನ ಯಾವ ಮುಖ ಇಟ್ಕೊಂಡು ನಿಲ್ಸ್ಲಿ?" ಎಂದು ಗೊಣಗಿ ತ್ರಿಕೋನಕ್ಕೆ ಮರಳಿದರು.

ಸಾಹೇಬರು ಮೆಟ್ಟಿಲಿಳಿದು ಬಂದು ಬಾಗಿಲು ತಟ್ಟಿದರು.

"ಯಾರದು ಗದ್ದಲ?"

ತಟ್ಟುವುದು ನಿಂತಿತು. ಕಿಟಕಿಯಿಂದ ನೋಡಿದೆ: ಮೊಬೈಲು ಹಿಡಿದ ಸಾಹೇಬರು ಏಕಕಾಲಕ್ಕೆ ಎರಡು ಬಾಗಿಲುಗಳ ಹೊರಗೆ ನಿಂತಿದ್ದರು. ಆಚೀಚೆ ಹೋಗುವ ಮಕ್ಕಳು ಸಹಾನುಭೂತಿಯಿಂದ ನೋಡುತ್ತಿದ್ದವು.

ನಲವತ್ತು ನಿಮಿಷಕ್ಕೆ ಪಾಠ ಮುಗಿಯಿತು. ಮೇಷ್ಟ್ರು ಮೊದಲು ಗುಂಡಿ ಒತ್ತಿದರು, ಆಮೇಲೆ ಚಿಲಕ ತೆಗೆದರು.

"ಕಾರಣ?"

ಸಾಹೇಬರ ಬಾಯಿಂದ ತಾನಾಗಿಯೇ ಬಂತು: "ಪಾಸ್‌ವರ್ಡ್ ಮರ್ತೋಗಿತ್ತು, ಸಾರ್."

"ಇನ್ಮೇಲೆ ಮರೀಬೇಡಿ. ಕೂತ್ಕೊಳ್ಳಿ."

ಸಾಹೇಬರು ಕೂತೇಬಿಟ್ಟರು. ಕೂತ ಮೇಲೆ ತಾವು ಯಾರೆಂಬುದು ನೆನಪಾಗಿ ಮುಖ ಕೆಂಪಗಾಯಿತು. ಫಾರಂ ಎಳೆದುಕೊಂಡು 'ಅನುತ್ತೀರ್ಣ' ಎಂಬಲ್ಲಿಗೆ ಪೆನ್ನು ಒಯ್ದರು. ಅದರ ಮುಂದೆ 'ಕಾರಣವನ್ನು ವಿವರವಾಗಿ ಬರೆಯಿರಿ' ಎಂದಿತ್ತು. 'ನಾನು ತಡವಾಗಿ' ಎಂದು ಬರೆದು, ಓದಿಕೊಂಡು, ಹೊಡೆದುಹಾಕಿದರು. ಪೆನ್ನು ಗಾಳಿಯಲ್ಲಿ ನಿಂತಿತು. ಮೇಷ್ಟ್ರು ಗಡಿಯಾರ ನೋಡಿದರು.

"ಬೇಗ ಆಗ್ಲಿ ಸಾಹೇಬ್ರೆ. ಏಳನೇ ಕ್ಲಾಸಿಗೆ ಇನ್ನೊಂದೇ ನಿಮಿಷ."

ಸಾಹೇಬರು ಗಡಬಡಿಸಿ 'ಉತ್ತೀರ್ಣ'ದ ಮುಂದೆ ಸಹಿ ಎಳೆದರು. ಪೆನ್ನಿನ ಮುಚ್ಚಳ ಹುಡುಕುವಷ್ಟರಲ್ಲಿ ಮೇಷ್ಟ್ರು ಫಾರಂ ಕಸಿದುಕೊಂಡು ವರಾಂಡದಲ್ಲಿ ಓಡುತ್ತಿದ್ದರು.