ಮೌಲಾ ಚಾಚಾ ಒಯ್ದ ಕಂಪ್ಯೂಟರ್ ಪುಸ್ತಕಗಳು

ಇವತ್ತು ಅವ್ವನ ಸೀರೆ ತೆಗೆಯುವಾಗ ಡಾಂಬರ್ ಗುಳಿಗೆಯ ವಾಸನೆ ಬಂತು. ಗಜೇಂದ್ರಗಡದಲ್ಲಿ ಅಪ್ಪ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ. ಯಾರೂ ಕಲಿಯದ ಹಳೆಯ ಪ್ರೋಗ್ರಾಮಿಂಗ್ ಪುಸ್ತಕಗಳನ್ನು ರದ್ದಿಗೆ ಹಾಕಲು ಮನಸ್ಸಾಗದೆ ಟ್ರಂಕಿನಲ್ಲಿಟ್ಟು ಆಗಾಗ ಒರೆಸುತ್ತಿದ್ದ. ಅವುಗಳ ನಡುವೆ ಗುಳಿಗೆ ಇಡುವುದು ನನ್ನ ಕೆಲಸ.

ಒಮ್ಮೆ ಸೀರೆ ಕೊಡಲು ಬಂದ ನೇಕಾರ ಮೌಲಾ ಚಾಚಾ, ಅಪ್ಪ ಒರೆಸುತ್ತಿದ್ದ ಪುಸ್ತಕವೊಂದರಲ್ಲಿ ತೂತುತೂತಾದ ರಟ್ಟಿನ ಚಿತ್ರ ಕಂಡು ಹಿಗ್ಗಿದರು.

"ಸರ್, ಇದು ನಮ್ಮ ಮಗ್ಗದ ರಟ್ಟಲ್ರೀ! ಈ ತೂತಿನ ಮ್ಯಾಲೇ ಸೆರಗಿನ ಹೂ ಬೀಳತಾವ."

"ಹೌದ್ರಿ ಚಾಚಾ, ಮೊದಲಿನ ಕಂಪ್ಯೂಟರಿಗೂ ರಟ್ಟಿಗೆ ಹಿಂಗ ತೂತು ಹೊಡದು ಕೆಲಸ ಹೇಳತಿದ್ರು," ಎಂದ ಅಪ್ಪ.

"ಹಂಗಾರ ಈ ಪುಸ್ತಕ ಎಲ್ಲಾ ಕೊಡ್ರಿ, ಮನ್ಯಾಗ ತೋರಸ್ತೀನಿ. ಅಪ್ಪಗ ಕಂಪ್ಯೂಟರ್ ತಿಳಿಯೂದಿಲ್ಲಂತ ನನ್ನ ಮಗಳು ಭಾಳ ನಗತಾಳ."

ಚಾಚಾ ಎಲ್ಲವನ್ನೂ ಒಯ್ದರು. ದಿನಾ ನಾಲ್ಕು ಸಲ ಕರೆಸಿಕೊಳ್ಳುತ್ತಿದ್ದ ಅಪ್ಪ, ಅಂದು ಅವ್ವ ಕರೆಯುವ ಮೊದಲೇ ಊಟಕ್ಕೆ ಬಂದು ಕೂತ.

ಆ ಟ್ರಂಕಿನಲ್ಲೇ ಈಗ ಅವ್ವನ ಸೀರೆಗಳಿವೆ. ಎಲ್ಲಕ್ಕಿಂತ ಮೇಲಿನದು ಚಾಚಾ ನೇಯ್ದದ್ದು.