ಅಳತೆ ರವಿಕೆ ಕೊಂಡುಹೋದವರು

ಸಣ್ಣ ಊರಿನ ಬದುಕು ಎಷ್ಟು ಸುಖ ಎಂದು ಹೇಳುವವರೆಲ್ಲ ಮಂಗಳೂರಿನಲ್ಲೋ ದುಬೈಯಲ್ಲೋ ಇರುತ್ತಾರೆ. ರಜೆಗೆ ಬಂದು, ಬೆಳ್ತಂಗಡಿ ಪೇಟೆಯಲ್ಲಿ ನಿಂತು ಗಾಳಿ ಎಳೆದುಕೊಂಡು, "ಏನು ನೆಮ್ಮದಿ ಮಾರಾಯ್ರೆ ಇಲ್ಲಿ" ಎನ್ನುತ್ತಾರೆ, ಮತ್ತೆ ವಿಮಾನ ಹತ್ತುತ್ತಾರೆ. ನಾನೂ ಹಾಗೆ ಹೇಳುತ್ತಿದ್ದವಳೇ. ಗಂಡನ ಜೊತೆ ಶಾರ್ಜಾದಲ್ಲಿದ್ದಾಗ ಎದುರು ಫ್ಲ್ಯಾಟಿನ ಹೆಂಗಸು ಲಿಫ್ಟಿನಲ್ಲಿ ನನ್ನ ಮುಖ ನೋಡದೆ ಮೊಬೈಲು ನೋಡುತ್ತಾಳೆಂದು ಅತ್ತಿದ್ದೇನೆ. ಜ್ವರ ಬಂದರೆ ಕೇಳುವವರಿಲ್ಲ ಎಂದು ಜಗಳವಾಡಿ ಊರಿಗೆ ಬಂದೆ. ಅವರು ಅಲ್ಲೇ ಉಳಿದರು, ನಾನು ಪೇಟೆಯಲ್ಲಿ ಒಂದು ಕೋಣೆ ಹಿಡಿದು ಹೊಲಿಗೆ ಶುರುಮಾಡಿದೆ. ಈಗ ಆ ಲಿಫ್ಟಿನ ಹೆಂಗಸಿಗೆ ಕೈಮುಗಿಯಬೇಕು ಅನಿಸುತ್ತದೆ.

ಲಾಭ ಇಲ್ಲವೆಂದಲ್ಲ. ಬಾಡಿಗೆ ಕಡಿಮೆ. ನಾನು ಓಡಿಬರುವುದು ಕಂಡರೆ ಕಂಡಕ್ಟರ್ ಬಸ್ಸು ನಿಲ್ಲಿಸುತ್ತಾನೆ. ಮೀನಿನವಳು ನನಗೆಂದೇ ಒಳ್ಳೆಯ ಬಂಗುಡೆ ತೆಗೆದಿಡುತ್ತಾಳೆ. ಆದರೆ ಅದೇ ಕಂಡಕ್ಟರ್ ನಾನು ಎಲ್ಲಿ ಇಳಿದೆನೆಂದು ಸ್ಟ್ಯಾಂಡಿನಲ್ಲಿ ಹೇಳುತ್ತಾನೆ, ಅದೇ ಮೀನಿನವಳು ನಾನು ಇವತ್ತು ಮೀನು ಬೇಡವೆಂದದ್ದನ್ನು ಬೀದಿಗೆಲ್ಲ ಹಂಚುತ್ತಾಳೆ. ಸಂಜೆಯೊಳಗೆ ನಾನು ಯಾವ ವ್ರತ ಹಿಡಿದಿದ್ದೇನೆ ಎಂಬುದು ತೀರ್ಮಾನವಾಗಿರುತ್ತದೆ.

ಕಳೆದ ಮದುವೆ ಸೀಸನ್ನಿಗೆ ಸ್ವಲ್ಪ ಮೊದಲು, ಸ್ನಾನ ಮಾಡುವಾಗ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಬೆಳ್ತಂಗಡಿಯಲ್ಲಿ ತೋರಿಸುವ ಹಾಗಿರಲಿಲ್ಲ. ಲ್ಯಾಬಿನ ಹುಡುಗಿ ಪಕ್ಕದ ಲಾಯಿಲದವಳು, ಅವಳ ತಾಯಿ ನನ್ನ ಗಿರಾಕಿ. ಹಾಗಾಗಿ ಲೈನಿಂಗ್ ಬಟ್ಟೆ ತರಲಿಕ್ಕೆಂದು ಹೇಳಿ ಮೂಡುಬಿದಿರೆ ಬಸ್ಸು ಹತ್ತಿದೆ. ದಡ್ಡತನ ನನ್ನದೇ. ಬೆಳ್ತಂಗಡಿಯಿಂದ ಯಾರೂ ಲೈನಿಂಗಿಗೆ ಮೂಡುಬಿದಿರೆಗೆ ಹೋಗುವುದಿಲ್ಲ, ಇಲ್ಲಿ ಸಿಗದ್ದಕ್ಕೆ ಮಂಗಳೂರಿಗೆ ಹೋಗುತ್ತಾರೆ. ಅಲ್ಲಿನ ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯ ಹೊರಗೆ ಬೆಳುವಾಯಿಯ ಒಬ್ಬಳು ಕೂತಿದ್ದಳು, ನಮ್ಮ ಪೇಟೆಯ ಹಾರ್ಡ್‌ವೇರ್ ಅಂಗಡಿಯ ಅಕ್ಕನ ನಾದಿನಿ. "ನೀವು ಇಲ್ಲಿ?" ಎಂದಳು. ಗೆಳತಿಯ ಜೊತೆಗೆ ಬಂದದ್ದು ಎಂದೆ. ಅಷ್ಟರಲ್ಲಿ ನರ್ಸ್ ನನ್ನ ಹೆಸರು ಕೂಗಿದಳು.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವುದರೊಳಗೆ ಹಾರ್ಡ್‌ವೇರ್ ಅಕ್ಕ ಬಂದು ನಿಂತಿದ್ದರು. ನನ್ನ ದೊಡ್ಡ ಗಿರಾಕಿ ಅವರೇ. ಅವರು ಹೇಳಿದರೆಂದೇ ಅರ್ಧ ಪೇಟೆ ನನ್ನಲ್ಲಿಗೆ ಬರುತ್ತಿತ್ತು. ನನ್ನ ಕೈ ಹಿಡಿದು, "ಪಾಪ, ನಿನಗೆ ಈಗ ರೆಸ್ಟ್ ಬೇಕು ಮಾರಾಯ್ತಿ. ಬಟ್ಟೆ ಏನು, ಆಮೇಲೆ ಹೊಲಿಯಬಹುದು" ಎಂದರು. ಮದುವೆಗೆ ಕೊಟ್ಟಿದ್ದ ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡರು. ಜೊತೆಗೆ ಅಳತೆ ರವಿಕೆಯನ್ನೂ ತೆಗೆದುಕೊಂಡರು.

ಅಳತೆ ರವಿಕೆ ಎಂದರೆ ಮೈಗೆ ಸರಿಯಾಗಿ ಕೂರುವ ಒಂದು ಹಳೆಯ ರವಿಕೆ. ಅದನ್ನು ನೋಡಿ ಹೊಸದನ್ನು ಹೊಲಿಯುವುದು. ಖಾಯಂ ಗಿರಾಕಿಗಳು ಅದನ್ನು ಟೈಲರ್ ಹತ್ತಿರವೇ ಬಿಟ್ಟಿರುತ್ತಾರೆ. ಬಟ್ಟೆ ವಾಪಸ್ ಕೊಂಡುಹೋದವರು ನಾಳೆ ತರಬಹುದು. ಅಳತೆ ರವಿಕೆ ಕೊಂಡುಹೋದರೆ ಮುಗಿಯಿತು, ಇವಳು ಇನ್ನು ಹೊಲಿಯಲಿಕ್ಕಿಲ್ಲ ಎಂದು ಅವರು ನಿಶ್ಚಯಿಸಿದ್ದಾರೆ.

ಆ ವಾರವಿಡೀ ಕರುಣೆಯ ಮೆರವಣಿಗೆ. ಒಬ್ಬಳು ಲಕ್ಷ್ಮಣಫಲದ ಎಲೆ ತಂದು, ಕ್ಯಾನ್ಸರಿಗೆ ಮದ್ದಂತೆ, ಕುದಿಸಿ ಕುಡಿಯಿರಿ ಎಂದು ಕೊಟ್ಟು ಬಟ್ಟೆ ಕೊಂಡುಹೋದಳು. ಇನ್ನೊಬ್ಬಳು ಬಾಗಿಲಲ್ಲೇ ಕಣ್ಣೊರೆಸಿಕೊಂಡು ಕೊಂಡುಹೋದಳು. ಎಲ್ಲರ ಬಟ್ಟೆಯೂ ಬಂಟ್ವಾಳದ ಒಬ್ಬಳು ಟೈಲರಳ ಹತ್ತಿರ ಹೋಯಿತು. ರಿಪೋರ್ಟ್ ಇನ್ನೂ ಬಂದಿರಲಿಲ್ಲ. ನನಗೆ ಸಾಯುವ ಹೆದರಿಕೆಗಿಂತ ಇವರ ಮೇಲಿನ ಅಸಹ್ಯವೇ ಹೆಚ್ಚಾಗಿತ್ತು.

ರಿಪೋರ್ಟ್ ಬಂತು. ಕೊಬ್ಬಿನ ಗಂಟು, ಹೆದರುವಂಥದ್ದೇನೂ ಇಲ್ಲ ಎಂದರು. ಮೂಡುಬಿದಿರೆಯಿಂದ ಕೆಟ್ಟ ಸುದ್ದಿ ತಂದ ಬಾಯಿಗಳಿಗೆ ಈ ಸುದ್ದಿ ತರಲಿಕ್ಕೆ ಪುರುಸೊತ್ತಿರಲಿಲ್ಲ. ನಾನೇ ಕಂಡಕಂಡಲ್ಲಿ ಹೇಳಿಕೊಂಡು ತಿರುಗಿದೆ. "ಹೌದಾ, ಒಳ್ಳೆಯದಾಯಿತು" ಎನ್ನುತ್ತಿದ್ದರು, ಎನ್ನುತ್ತಲೇ ನನ್ನ ಕೂದಲು ನೋಡುತ್ತಿದ್ದರು. ಉದುರಲಿಕ್ಕೆ ಶುರುವಾಗಿದೆಯೋ ಎಂದು. ಆ ಸೀಸನ್ನಿಡೀ ಸೀರೆಗೆ ಫಾಲ್ ಹಚ್ಚಿಕೊಂಡು ಕಳೆದೆ.

ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಹಾರ್ಡ್‌ವೇರ್ ಅಕ್ಕ ಮತ್ತೆ ಬಂದರು. ಅಳತೆ ರವಿಕೆ ಮೇಜಿನ ಮೇಲಿಟ್ಟರು. "ಬಂಟ್ವಾಳದವಳು ಕಂಕುಳಲ್ಲಿ ಬಿಗಿ ಮಾಡಿಟ್ಟಿದ್ದಾಳೆ" ಎಂದರು. ನನಗೆ ಹಬ್ಬವಾಯಿತು. ಏನು ಚುಚ್ಚುವ ಎಂದು ಯೋಚಿಸುತ್ತಿದ್ದೆ. ಅವರು ಬಾಗಿಲಿನ ಕಡೆ ಒಮ್ಮೆ ನೋಡಿ, "ಅವತ್ತು ನಿನ್ನ ಗಂಟು ನೋಯುತ್ತಿತ್ತಾ?" ಎಂದು ಕೇಳಿದರು.

"ಇಲ್ಲ."

ಅವರು ಸ್ಟೂಲಿನ ಮೇಲೆ ಕೂತರು. "ನನ್ನದೂ ನೋಯುವುದಿಲ್ಲ" ಎಂದರು. ಸೆರಗು ಎಳೆದು ಹೊದ್ದುಕೊಂಡು, "ಮನೆಯಲ್ಲಿ ಸಹ ಹೇಳಲಿಲ್ಲ. ನೀನು ಯಾರಿಗೂ ಹೇಳಬೇಡ. ನೀನು ಹೋದಲ್ಲಿಗೆ ನನ್ನನ್ನೂ ಕರೆದುಕೊಂಡು ಹೋಗ್ತೀಯಾ?"

ಪಾಪ, ನಿಮಗೆ ರೆಸ್ಟ್ ಬೇಕು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಆಡಲಿಲ್ಲ. ಒಳ್ಳೆಯತನದಿಂದ ಸುಮ್ಮನಾದೆ ಎಂದರೆ ಸುಳ್ಳು. ಊರಿಡೀ ಬಳಕೆ ಇಟ್ಟುಕೊಂಡ ಹೆಂಗಸಿಗೆ ಈ ಮಾತು ಹೇಳಲಿಕ್ಕೆ ಸಿಕ್ಕಿದ್ದು ನಾನೊಬ್ಬಳು, ಅಂದರೆ ಅವರು ಯಾರ ವ್ಯಾಪಾರ ಹಾಳುಮಾಡಿದ್ದರೋ ಅವಳು. ಅದನ್ನು ನೋಡಿ ನನಗೆ ನಗು ಬರಬೇಕಿತ್ತು, ಬರಲಿಲ್ಲ. ನಾಳೆಯೇ ಹೋಗುವ ಎಂದೆ.

ಮರುದಿನ ಮೂಡುಬಿದಿರೆ ಬಸ್ಸಿನಲ್ಲಿ ಕೂತಿದ್ದೆವು. ಹೊರಡುವ ಮೊದಲು ಲಕ್ಷ್ಮಣಫಲದ ಎಲೆ ಕೊಟ್ಟವಳೇ ಹತ್ತಿ ನಮ್ಮ ಎದುರು ಸೀಟಿನಲ್ಲಿ ಕೂತಳು. ತಿರುಗಿ ಇಬ್ಬರನ್ನೂ ನೋಡಿ, "ಇಬ್ಬರೂ ಒಟ್ಟಿಗೆ ಎಲ್ಲಿಗೆ?" ಎಂದಳು. ನಾನು ಬಾಯಿ ತೆಗೆಯುವ ಮೊದಲೇ ಅಕ್ಕ, "ಲೈನಿಂಗ್ ಬಟ್ಟೆ ತರಲಿಕ್ಕೆ" ಎಂದುಬಿಟ್ಟರು. ಆ ಹೆಂಗಸು ಒಳ್ಳೆಯದು ಎಂದು ಮುಂದಕ್ಕೆ ತಿರುಗಿದಳು, ಚೀಲದಿಂದ ಮೊಬೈಲು ತೆಗೆದಳು.

ಗುರುವಾಯನಕೆರೆ ದಾಟಿದ ಮೇಲೆ ಅಕ್ಕ ನನ್ನ ಕಿವಿಯ ಹತ್ತಿರ ಬಂದರು. "ಅವಳಿಗೆ ಗೊತ್ತಾಯಿತಾ?"

"ಗೊತ್ತಾಯಿತು."

"ಇನ್ನು ನನ್ನ ಬಗ್ಗೆ ಏನೆಲ್ಲ ಹೇಳ್ತಾರೆ?"

"ನೀವು ನನ್ನ ಬಗ್ಗೆ ಹೇಳಿದ್ದನ್ನೇ, ಅಕ್ಕ" ಎಂದೆ.