ಫೌಜಿ ಕಾಕಾ ಕತ್ತರಿ ಹಾಕಿದ ದಿನ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ದಪ್ಪ ಬಟ್ಟೆಗೆ ದಬ್ಬಣ ಒತ್ತಿ ಒತ್ತಿ ಕೊಂಬಿನಂತೆ ಗಟ್ಟಿಯಾಗಿದ್ದ ಆ ಉಗುರನ್ನು ಹೊಲಿಗೆಯ ಮೇಲಿಟ್ಟು, ಕಣ್ಣು ಮುಚ್ಚಿ, ಮೆಲ್ಲಗೆ ಎಳೆಯುತ್ತ ಹೋಗುತ್ತಿದ್ದರು. ಎಲ್ಲಿಯಾದರೂ ಉಗುರು ತಡೆಯಿತೆಂದರೆ ಕಣ್ಣು ತೆರೆಯುವ ಮೊದಲೇ ಬಾಯಿ ತೆರೆಯುತ್ತಿತ್ತು. "ಇದನ್ನ ಹೊಲದಾಂವ ಯಾಂವ? ಕೈಲೆ ಹೊಲದಾನೋ, ಕಾಲಿಲೆ ಹೊಲದಾನೋ?"

ಊರೆಲ್ಲ ಅವರನ್ನು ಫೌಜಿ ಎನ್ನುತ್ತಿತ್ತು. ನನಗೆ ಅವರು ಫೌಜಿ ಕಾಕಾ. ಸೈನ್ಯದಲ್ಲಿ ಪ್ಯಾರಾಶೂಟ್ ಮಡಚುವ, ಹರಿದದ್ದನ್ನು ಹೊಲಿಯುವ ಕೆಲಸ ಮಾಡಿ ನಿವೃತ್ತರಾಗಿ ಬಂದು, ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಎರಡು ಪವರ್‌ಲೂಮ್ ಶೆಡ್ಡುಗಳ ಸಂದಿಯಲ್ಲಿ ತಗಡಿನ ಅಂಗಡಿ ಹಾಕಿದ್ದರು. ಲಾರಿಗಳ ತಾಡಪತ್ರಿ, ಡೇರೆ, ದೊಡ್ಡ ದೊಡ್ಡ ಚೀಲ ಹೊಲಿಯುತ್ತಿದ್ದರು. ಎರಡೂ ಕಡೆ ಮಗ್ಗಗಳ ಸದ್ದು. ಅದರ ನಡುವೆ ಕೂತು ಕೂತು ಅವರ ಮಾತೆಲ್ಲ ಜಗಳದ ದನಿಗೆ ತಿರುಗಿತ್ತು. ಚಹಾ ಕುಡಿಯಿರಿ ಎಂದರೂ ಬೈದ ಹಾಗೆ ಕೇಳುತ್ತಿತ್ತು. ಹೊಲಿಗೆ ಯಂತ್ರದ ಖಾನೆಯಲ್ಲಿ ಮನೆದೇವರು ಬೀರಪ್ಪನ ಭಂಡಾರದ, ಅಂದರೆ ಅರಿಸಿನ ಪುಡಿಯ ಪೊಟ್ಟಣ ಇಟ್ಟಿದ್ದರು. ಕೆಲಸ ಮುಗಿದ ಮೇಲಷ್ಟೇ ಅದನ್ನು ಹಣೆಗೆ ಹಚ್ಚಿಕೊಳ್ಳುವುದು. ಮೊದಲೇ ಯಾಕೆ ಹಚ್ಚುವುದಿಲ್ಲ ಎಂದು ಒಮ್ಮೆ ಕೇಳಿದ್ದೆ. "ಹೊಲಿಗಿ ಗಟ್ಟಿ ಮಾಡೂದು ನನ್ನ ಕೆಲಸ. ಬೀರಪ್ಪಗ ಯಾಕ ಹೇಳೂದು?" ಎಂದಿದ್ದರು.

ನಾನು ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯ ಪಾಟೀಲರ ಮನೆಯವಳು. ಸೊಲ್ಲಾಪುರದ ಕಾಲೇಜೊಂದರಲ್ಲಿ ಆಟ ಕಲಿಸುತ್ತೇನೆ. ಎನ್‌ಸಿಸಿಯಲ್ಲಿದ್ದಾಗ ವಿಮಾನದಿಂದ ಹಾರಿದ್ದೆ. ಆ ಹುಚ್ಚು ಬಿಡಲಿಲ್ಲ. ಸಂಬಳದಲ್ಲಿ ಉಳಿಸಿ ಉಳಿಸಿ ಪರದೇಶಕ್ಕೆ ಹೋಗಿ ತರಬೇತಿ ಮುಗಿಸಿ ಬಂದೆ. ಬಾಡಿಗೆಯ ಪ್ಯಾರಾಶೂಟಿನಲ್ಲಿ ಐವತ್ತು ಸಲದ ಹತ್ತಿರ ಹಾರಿದ ಮೇಲೆ ಸ್ವಂತದ್ದು ಬೇಕೆನ್ನಿಸಿತು. ಮನೆಯಲ್ಲಿ ನಮ್ಮಪ್ಪ, "ಅಷ್ಟ ರೊಕ್ಕದಾಗ ಎರಡ ಎಕರೆ ಹೊಲ ಬರ್ತೈತಿ" ಎಂದರು. ಹೊಲದಿಂದ ಹಾರಲು ಬರುವುದಿಲ್ಲ ಎಂದೆ. ಅಲ್ಲಿಗೆ ಮಾತು ನಿಂತಿತು.

ಪ್ಯಾರಾಶೂಟ್ ಅಂಗಡಿಯಲ್ಲಿ ತೂಗುಹಾಕಿ ಮಾರುವ ಸಾಮಾನಲ್ಲ. ವ್ಯಾಪಾರಿ ನಮ್ಮ ಅಳತೆ ತೆಗೆದು, ತೂಕ ಕೇಳಿ, ಎಷ್ಟು ಸಲ ಹಾರಿದ್ದೀರೆಂದು ವಿಚಾರಿಸಿ, ಪರದೇಶದ ಕಾರ್ಖಾನೆಗೆ ಬರೆಯಬೇಕು. ಅಲ್ಲಿ ಅದು ನಮ್ಮ ಮೈಗೆ ತಕ್ಕಂತೆ ತಯಾರಾಗಿ ಬರಲು ತಿಂಗಳುಗಳೇ ಬೇಕು. ಎರಡು ಪ್ಯಾರಾಶೂಟು, ಒಂದು ಕೈಕೊಟ್ಟರೆ ಇನ್ನೊಂದು. ಎರಡನ್ನೂ ಹೊತ್ತ ಬೆನ್ನಚೀಲ, ಅದನ್ನು ಮೈಗೆ ಬಿಗಿಯುವ ಪಟ್ಟಿಗಳು. ಜೀವವೆಲ್ಲ ಆ ಪಟ್ಟಿಗಳ ಮೇಲೆ.

ಪುಣೆಯಲ್ಲಿ ಒಬ್ಬ ವ್ಯಾಪಾರಿ ಸಿಕ್ಕ. ಫೋನಿನಲ್ಲಿ ಬೆಣ್ಣೆಯಂಥ ಮಾತು. ನನ್ನ ಎತ್ತರ ಕೇಳಿದ, ಅಂಗಿಯ ಸೈಜು ಕೇಳಿದ, ಅಷ್ಟೇ. "ತಾಈ, ನಿಮ್ಮ ನಸೀಬು ಚೆನ್ನಾಗಿದೆ. ಯಾರೋ ಹೇಳಿ ಮಾಡಿಸಿ ಬೇಡವೆಂದ ಹೊಸ ಸೆಟ್ಟು ನಮ್ಮಲ್ಲೇ ಇದೆ. ಕಾಯುವುದೇ ಬೇಡ" ಎಂದು ಮರಾಠಿಯಲ್ಲಿ ನಯವಾಗಿ ಹೇಳಿದ. ನಾನು ಮರುಳಾಗಿ ಪೂರ್ತಿ ಹಣ ಕಳಿಸಿದೆ. ಆ ದಿನದ ನನ್ನ ಆತುರ ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನ್ನಿಸುತ್ತದೆ.

ಸೆಟ್ಟು ಬಂತು. ಕಾಲೇಜಿನ ಡೇರೆಗಳನ್ನು ರಿಪೇರಿಗೆ ಕೊಟ್ಟಿದ್ದರಿಂದ ಫೌಜಿ ಕಾಕಾನ ಪರಿಚಯ ಆಗಲೇ ಇತ್ತು. ಹೆಮ್ಮೆಯಿಂದ ಅವರ ಅಂಗಡಿಗೆ ಒಯ್ದು, ನೋಡಿ ಎಂದು ಮುಂದಿಟ್ಟೆ. ಅವರು ಕೈ ತೊಳೆದು ಬಂದು ನೆಲಕ್ಕೆ ಬಿಳಿ ಚಾದರ ಹಾಸಿದರು. ಪಟ್ಟಿಯೊಂದನ್ನು ಹಿಡಿದು ಉಗುರು ಎಳೆಯುತ್ತ ಹೋದರು. ಸೊಂಟದ ಪಟ್ಟಿಗಳನ್ನು ಕೂಡಿಸುವ ಉಕ್ಕಿನ ಬಳೆಯ ಹತ್ತಿರ ಉಗುರು ನಿಂತಿತು. ಈ ಸಲ ಬೈಗುಳ ಬರಲಿಲ್ಲ. ಬಳೆಯನ್ನು ಒಂದಿಷ್ಟು ಸರಿಸಿ ನನ್ನನ್ನು ಹತ್ತಿರ ಕರೆದರು.

"ಬಳಿ ಕೆಳಗಿನ ಬಣ್ಣ ನೋಡು. ಸುತ್ತಲಿನ ಬಣ್ಣ ನೋಡು."

ಬಳೆಯ ಕೆಳಗೆ ಪಟ್ಟಿ ಕಡುನೀಲಿ, ಸುತ್ತ ಮಾಸಿದ ನೀಲಿ.

"ಹೊಸಾದು ಬಿಸಲ ಕಂಡಿರೂದಿಲ್ಲ. ಇದು ಭಾಳ ಬಿಸಲ ಕಂಡೈತಿ. ಮತ್ತ ಇಲ್ಲಿ ಬಾ. ದಾರ ಹೊಸಾದು. ಬಾಜೂಕ ಸಣ್ಣ ಸಣ್ಣ ತೂತು ಅದಾವು, ಕಾಣತಾವೇನು? ಮೊದಲಿನ ಸೂಜಿ ಹೋಗಿ ಬಂದ ತೂತು. ಹಳೆ ಹೊಲಿಗಿ ಬಿಚ್ಚಿ ಮತ್ತ ಹೊಲದಾರ. ಹೆಸರಿನ ಪಟ್ಟೀನೂ ಹಂಗ ಹಚ್ಯಾರ."

ಹೆಸರಿನ ಪಟ್ಟಿ ಬದಲಾದರೂ ಬೆನ್ನಚೀಲದ ಒಳಗೆ ಉಳಿದಿದ್ದ ಕಾರ್ಖಾನೆಯ ನಂಬರನ್ನು ಅವರು ಹಾಳೆಯಲ್ಲಿ ಬರೆದು ನನ್ನ ಕೈಗೆ ಕೊಟ್ಟರು. "ನಾಳೆ ಪುಣೆಕ ಹೋಗೂನು. ನಾನೂ ಬರ್ತೀನಿ."

ಪುಣೆಯ ಅಂಗಡಿಗೆ ಗಾಜಿನ ಬಾಗಿಲು. ಗೋಡೆಯ ತುಂಬ ಆಕಾಶದಲ್ಲಿ ಕೈಚಾಚಿ ನಗುವವರ ಫೋಟೋ. ವ್ಯಾಪಾರಿ ನನ್ನನ್ನು ಬಿಟ್ಟು ಕಾಕಾನ ಕಡೆ ತಿರುಗಿ, ಹೆಣ್ಣುಮಕ್ಕಳಿಗೆ ಸುಮ್ಮಸುಮ್ಮನೆ ಅನುಮಾನ, ನೀವಾದರೂ ತಿಳಿಸಿ ಹೇಳಿ ಎಂದ. ನನಗೆ ಮೈಯೆಲ್ಲ ಉರಿಯಿತು. ಕಾಕಾ ಮೇಜಿನ ಮೇಲೆ ಪಟ್ಟಿ ಹರವಿ ಮೊದಲು ಬಣ್ಣ ತೋರಿಸಿದರು, ಆಮೇಲೆ ತೂತು ತೋರಿಸಿದರು. ಆತ ಕಾರ್ಖಾನೆಯಿಂದಲೇ ಹೀಗೆ ಬಂದಿದೆ ಎಂದ. ಗೋದಾಮಿನಲ್ಲಿ ಬಿಸಿಲು ಬಿದ್ದಿರಬೇಕು ಎಂದ. ಕಡೆಗೆ ನನ್ನ ದನಿ ಏರಿ, ಹೊರಗಿನ ಗಿರಾಕಿಗಳು ತಿರುಗಿ ನೋಡತೊಡಗಿದಾಗ, "ಸರಿ, ಸಾಮಾನು ಇಲ್ಲಿಡಿ, ಪೂರ್ತಿ ಹಣ ವಾಪಸ್ ಕೊಡುತ್ತೇನೆ. ಮಾತು ಮುಗಿಯಿತಲ್ಲ" ಎಂದ.

ನನಗೆ ಹೋದ ಜೀವ ಬಂದಂತಾಯಿತು. ಆದರೆ ಕಾಕಾ ಪಟ್ಟಿಯನ್ನು ಬಿಡಲಿಲ್ಲ. ಸೈನ್ಯದ ಹಿಂದಿಯಲ್ಲಿ ಒಂದೇ ಮಾತು ಕೇಳಿದರು: "ವಾಪಸ್ ತೆಗೆದುಕೊಂಡು ಇದನ್ನು ಏನು ಮಾಡುತ್ತೀರಿ?"

"ಅದು ನಮಗೆ ಬಿಟ್ಟದ್ದು."

"ನಮ್ಮ ಎದುರಿಗೆ ಕತ್ತರಿಸಿರಿ. ಆಮೇಲೆ ಹಣ ಕೊಡಿರಿ."

ಆತ ನಕ್ಕ. ಒಳ್ಳೆಯ ಸಾಮಾನು ಯಾರು ಕತ್ತರಿಸುತ್ತಾರೆ, ಇದಕ್ಕೆ ಇನ್ನೊಬ್ಬ ಗಿರಾಕಿ ಇವತ್ತೇ ಸಿಗುತ್ತಾನೆ ಎಂದ. ಕಾಕಾ ತಮ್ಮ ಚೀಲದೊಳಗೆ ಕೈ ಹಾಕಿದರು. ತಾಡಪತ್ರಿ ಕತ್ತರಿಸುವ ದೊಡ್ಡ ಕತ್ತರಿ ಹೊರಗೆ ಬಂತು. ನಾನು "ಕಾಕಾ" ಎನ್ನುವಷ್ಟರಲ್ಲಿ ಎಡ ಭುಜದ ಪಟ್ಟಿ ಎರಡು ತುಂಡಾಗಿತ್ತು. ಮರುಕ್ಷಣ ಬಲಗಡೆಯದು.

ವ್ಯಾಪಾರಿ ಪೊಲೀಸರನ್ನು ಕರೆಯುತ್ತೇನೆಂದು ಎಗರಾಡಿದ. "ಕರೆಯಿರಿ, ಅವರಿಗೂ ತೂತು ತೋರಿಸುತ್ತೇನೆ" ಎಂದು ಕಾಕಾ ಕುರ್ಚಿ ಎಳೆದು ಕೂತರು. ಆತ ಕರೆಯಲಿಲ್ಲ. ಹಣವನ್ನೂ ಕೊಡಲಿಲ್ಲ. ಕತ್ತರಿಸಿದ ಸಾಮಾನಿಗೆ ಒಂದು ಪೈಸೆಯೂ ಇಲ್ಲವೆಂದು ನಮ್ಮನ್ನು ಹೊರಗೆ ಕಳಿಸಿದ.

ಹಿಂದಿರುಗುವ ರೈಲಿನಲ್ಲಿ ನನ್ನ ಸಿಟ್ಟು ಕಟ್ಟೆ ಒಡೆಯಿತು. ಆರು ವರ್ಷದ ಉಳಿತಾಯ. ಕೈಗೆ ಬಂದದ್ದು ಕಣ್ಣೆದುರೇ ಹೋಗಿತ್ತು. "ನಿಮ್ಮನ್ನ ಕತ್ತರಿ ಹಾಕ್ರಿ ಅಂತ ಯಾರ ಹೇಳಿದ್ರು? ರೊಕ್ಕ ನನ್ನವು, ನಿಮ್ಮವಲ್ಲ" ಎಂದೆ.

"ಅಂವ ನಾಳಿಗೆ ಇನ್ನೊಬ್ಬರ ಕೊರಳಿಗೆ ಇದನ್ನ ಕಟ್ಟತಿದ್ದ."

"ಅದು ಅವರ ಹಣೀಬಾರ! ನಿಮಗೇನ್ರಿ? ಕುರಿ ಕಾಯೂ ಮಂದಿಗೆ ಇದರ ಬೆಲಿ ಏನ್ ತಿಳೀತೈತಿ?"

ಮಾತು ಬಾಯಿಂದ ಬಿದ್ದಾಗಿತ್ತು. ಅವರ ಮನೆತನ ಮಂಗಳವೇಢೆ ಕಡೆಯ ಸಲಗರದಲ್ಲಿ ತಲೆತಲಾಂತರದಿಂದ ಕುರಿ ಸಾಕಿಕೊಂಡು ಬಂದದ್ದು. ಪಾಟೀಲರ ಮನೆಯ ಪಡಸಾಲೆಯಲ್ಲಿ ನಾನು ಚಿಕ್ಕಂದಿನಿಂದ ಕೇಳಿ ಬೆಳೆದ ಸೊಕ್ಕು ನನ್ನ ನಾಲಗೆಯ ಮೇಲೆ ಎಲ್ಲಿ ಕೂತಿತ್ತೋ, ಬೇಕಾದ ಕ್ಷಣಕ್ಕೆ ಎದ್ದು ಬಂತು. ಎದುರು ಸೀಟಿನ ಹೆಂಗಸು ತಲೆ ತಗ್ಗಿಸಿದಳು. ಕಾಕಾ ನನ್ನನ್ನು ಒಂದು ಸಲ ನೋಡಿದರು. ಸೊಲ್ಲಾಪುರದಲ್ಲಿ ಇಳಿದಾಗ ಆ ಭಾರದ ಚೀಲವನ್ನು ತಾವೇ ಹೊತ್ತು ತಂದು ನನ್ನ ರಿಕ್ಷಾದಲ್ಲಿಟ್ಟು, ನಡೆದು ಹೋದರು.

ನಾಲ್ಕು ತಿಂಗಳು ನಾನು ಎಂಐಡಿಸಿಯ ಕಡೆ ಹಾಯಲಿಲ್ಲ. ಅವರು ಹೇಳಿದ್ದು ಸುಳ್ಳೆಂದು ಸಾಧಿಸುವ ಹಟಕ್ಕೇ ಬಿದ್ದು, ಅವರು ಬರೆದುಕೊಟ್ಟ ನಂಬರನ್ನು ಪರದೇಶದ ಕಾರ್ಖಾನೆಗೆ ಕಳಿಸಿ ಕೇಳಿದೆ. ಉತ್ತರ ಬಂತು. ಆ ಚೀಲ ಹನ್ನೊಂದು ವರ್ಷ ಹಳೆಯದು. ಜೋರಾಗಿ ನೆಲಕ್ಕೆ ಅಪ್ಪಳಿಸಿ ಪಟ್ಟಿ ದುರ್ಬಲವಾಗಿದ್ದರಿಂದ ಇನ್ನು ಬಳಸಬಾರದು, ನಾಶಮಾಡಿ ಎಂದು ಮೊದಲಿನ ಮಾಲೀಕರಿಗೆ ನಾವೇ ತಿಳಿಸಿದ್ದೆವು. ನಿಮ್ಮ ಕೈಗೆ ಹೇಗೆ ಬಂತು ಎಂದು ಅವರೇ ನನ್ನನ್ನು ಕೇಳಿದ್ದರು.

ಆ ಕಾಗದ ಹಿಡಿದುಕೊಂಡು ಕಾಕಾನ ಅಂಗಡಿಗೆ ಹೋದೆ. "ಕಾಕಾ, ನೀವು ಹೇಳಿದ್ದು ಖರೆ ಇತ್ತು" ಎಂದೆ.

ಅವರು ಸಿಡಿದೆದ್ದರು. "ಖರೆ ಅಂತ ನನಗ ಆವತ್ತ ಗೊತ್ತಿತ್ತು! ನಿನಗ ತಿಳೀಲಿಕ್ಕೆ ಪರದೇಶದ ಗೋರ್‍ಯಾರ ಕಾಗದ ಬರಬೇಕಾತು? ನನ್ನ ಬೆರಳ ಸಾಲಲಿಲ್ಲೇನು?"

ಸರಿಯಾಗಿ ಬೈದರು. ಅವರ ಸಿಟ್ಟು ಆರಿದ ಮೇಲೆ ರೈಲಿನ ಮಾತಿಗೆ ನಾನು ಕ್ಷಮೆ ಕೇಳಬೇಕಿತ್ತು. ಬಾಯಿ ತೆರೆದೆ. ಮಗ್ಗದ ಸದ್ದು ಬಹಳ ಇದೆ, ಆಮೇಲೆ ಕೇಳೋಣ ಎಂದುಕೊಂಡೆ. ಅಷ್ಟರಲ್ಲಿ ಅವರು ಟೇಪು ತಂದು, "ನಿಂದರು ನೆಟ್ಟಗ, ಅಳತಿ ತಗೀತೀನಿ" ಎಂದರು. ಭುಜ, ಎದೆ, ಸೊಂಟ, ತೊಡೆ, ಒಂದೊಂದನ್ನೂ ಮೂರು ಸಲ ಅಳೆದು ಬರೆದರು. "ಈ ಸಲ ನಮ್ಮನ್ನ ಕೇಳೂ ವ್ಯಾಪಾರಿ ನೋಡು. ಬರೇ ಹೇಳೂ ವ್ಯಾಪಾರಿ ಬ್ಯಾಡ."

ಹಣ ಮತ್ತೆ ಕೂಡುವಷ್ಟರಲ್ಲಿ ಎರಡು ವರ್ಷವಾಯಿತು. ಕೇಳುವ ವ್ಯಾಪಾರಿ ಪರದೇಶದಲ್ಲಿ ಸಿಕ್ಕರು, ವಯಸ್ಸಾದ ಒಬ್ಬ ಹೆಂಗಸು. ಫೋನಿನಲ್ಲಿ ಗಂಟೆಗಟ್ಟಲೆ ವಿಚಾರಿಸಿ, ನಾನು ಆಸೆಪಟ್ಟ ಚಿಕ್ಕ, ವೇಗದ ಪ್ಯಾರಾಶೂಟನ್ನು ಮಾರುವುದಿಲ್ಲ, ನಿನಗಿನ್ನೂ ಅಷ್ಟು ಅನುಭವವಿಲ್ಲ ಎಂದುಬಿಟ್ಟರು. ನನ್ನ ಮುಖ ಕೆಂಪಾಯಿತು. ಪಕ್ಕದಲ್ಲಿ ಕೂತಿದ್ದ ಕಾಕಾ ಹೊಟ್ಟೆ ಹಿಡಿದು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಏಳು ತಿಂಗಳಿಗೆ ಸೆಟ್ಟು ಬಂದಾಗ ಎರಡು ದಿನ ಅಂಗಡಿ ಮುಚ್ಚಿ ಒಂದೊಂದು ಹೊಲಿಗೆಯನ್ನೂ ನೋಡಿದರು. ಅದರಲ್ಲಿ ಮೊದಲ ಸಲ ಹಾರಿ ಇಳಿದು ಮೈದಾನದಿಂದಲೇ ಫೋನು ಮಾಡಿದೆ.

"ನಿಂತು ಇಳದೇನು, ಬಿದ್ದು ಇಳದೇನು?"

"ನಿಂತು, ಕಾಕಾ."

"ಹಂಗಾರ ಫೋನ್ ಇಡು. ಮಣ್ಣ ಝಾಡಿಸಿ ಮಡಚು."

ಪುಣೆಯ ವ್ಯಾಪಾರಿಯ ಮೇಲೆ ಗ್ರಾಹಕರ ಕೋರ್ಟಿನಲ್ಲಿ ನಾನು ಹಾಕಿದ ದೂರು ಇನ್ನೂ ನಡೆಯುತ್ತಿದೆ. ಪಟ್ಟಿಯನ್ನು ಗಿರಾಕಿಯೇ ಕತ್ತರಿಸಿ ಸಾಕ್ಷಿ ಕೆಡಿಸಿದ್ದಾರೆ ಎಂಬುದು ಅವನ ವಾದ. ಅಂಗಡಿಯ ಹೆಸರು ಬದಲಿಸಿ ಬೇರೆ ರಸ್ತೆಯಲ್ಲಿ ಕೂತಿದ್ದಾನೆ. ಪ್ರತಿ ತಾರೀಖಿಗೂ ನನ್ನನ್ನು ನೋಡಿ ನಗುತ್ತಾನೆ. ನಾನು ಹಲ್ಲು ಕಚ್ಚಿಕೊಂಡು ಹೋಗುತ್ತೇನೆ. ಬಿಡುವುದಿಲ್ಲ.

ಕಳೆದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಎದೆನೋವೆಂದು ಊರಿಗೆ ಹೋದವರು ಮತ್ತೆ ಬರಲಿಲ್ಲ. ಸುದ್ದಿ ತಿಳಿದು ನಾನು ಸಲಗರ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮೂರು ದಿನವಾಗಿತ್ತು. ಅವರ ಹೆಂಡತಿ, ನಾನು ಕಾಕು ಎನ್ನುವವರು, ಅಂಗಳದಲ್ಲಿ ಕಂಬಳಿ ಹಾಸಿ ಕೂರಿಸಿ ಚಹಾ ಕೊಟ್ಟರು. ಇಷ್ಟು ವರ್ಷ ಕಾಕಾನಿಗೆ ಹೇಳಲಾಗದ್ದನ್ನು ಈಕೆಗಾದರೂ ಹೇಳಿ ಹಗುರಾಗಬೇಕೆನ್ನಿಸಿತು. ರೈಲಿನಲ್ಲಿ ಆಡಿದ ಮಾತನ್ನು ಇದ್ದಕ್ಕಿದ್ದ ಹಾಗೆ ಹೇಳಿದೆ. ತಪ್ಪಾಯಿತು ಕಾಕು ಎಂದು ಅತ್ತುಬಿಟ್ಟೆ.

ಕಾಕು ನನ್ನ ಕೈ ಹಿಡಿಯಲಿಲ್ಲ.

"ಗೊತ್ತೈತ್ರಿ" ಎಂದರು. "ಪುಣೆದಿಂದ ಬಂದ ದಿನಾನ ಹೇಳಿದ್ರು. ಸಿಟ್ಟಿನ್ಯಾಗ ಅಂದಾಳ, ಬಿಡು ಅಂದ್ರು. ಅವರು ಬಿಟ್ರು. ನಾ ಬಿಟ್ಟಿಲ್ಲ. ಅವರು ಇದ್ದಾಗ ಬಂದು ಅನ್ನಬೇಕಾಗಿತ್ತು. ಈಗ ನನ್ನ ಮುಂದ ಅತ್ರ ಏನ್ ಬಂತು? ಚಾ ಕುಡೀರಿ, ಆರತೈತಿ."

ಕುಡಿದೆ. ಕಪ್ಪು ತೊಳೆದಿಟ್ಟು ಎದ್ದೆ. ಕಾಕು ಬಾಗಿಲವರೆಗೂ ಬರಲಿಲ್ಲ. ಆಕೆಯ ಸಿಟ್ಟು ನ್ಯಾಯವಾದದ್ದು. ಅದನ್ನು ಬಿಟ್ಟುಬಿಡಿ ಎಂದು ಕೇಳುವ ಮುಖ ನನಗಿಲ್ಲ.